ಸುದ್ದಿ ಒಯ್ಯುವ ದೈವಗಳು: ಭೀಮಾತೀರದ ಜೋಕುಮಾರ ಮತ್ತು ಚೀನಾದ ಒಲೆದೇವ

ಕಲಬುರಗಿ ಜಿಲ್ಲೆಯ ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಭೀಮಾನದಿಯೂ ಆಳಂದದಲ್ಲಿ ಅದರ ಉಪನದಿ ಅಮರ್ಜಾವೂ ಹರಿಯುತ್ತವೆ. ಆದರೂ ಇಲ್ಲಿಯ ತೊಗರಿ, ಜೋಳಗಳ ಬೇಸಾಯ ಬಹುಮಟ್ಟಿಗೆ ಮಳೆಯನ್ನೇ ನಂಬಿದೆ. ಭಾದ್ರಪದ ಮಾಸದಲ್ಲಿ, ಹಿಂಗಾರಿ ಜೋಳದ ಬಿತ್ತನೆಗೆ ಮುನ್ನ, ಈ ಸೀಮೆಯನ್ನೊಳಗೊಂಡ ಉತ್ತರ ಕರ್ನಾಟಕದಲ್ಲಿ ಜೋಕುಮಾರನ ಆಚರಣೆ ನಡೆಯುತ್ತದೆ. ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಇರಿಸಿ, ಬಾಯಿಗೆ ಬೆಣ್ಣೆ ಬಳಿದು, ಅಂಬಿಗ, ತಳವಾರ ಮೊದಲಾದ ಸಮುದಾಯಗಳ ಹೆಣ್ಣುಮಕ್ಕಳು ಹಾಡುತ್ತ ಮನೆಮನೆಗೆ ಒಯ್ಯುತ್ತಾರೆ. ಜೋಳದ ಕಾಣಿಕೆ ಪಡೆಯುತ್ತಾರೆ.

ಜೋಕುಮಾರನನ್ನು ಫಲವಂತಿಕೆಯ ದೈವವೆಂದು ವಿವರಿಸುವುದು ರೂಢಿ. ಮೂರ್ತಿಯ ರೂಪವೂ ಹಾಡುಗಳ ಶೃಂಗಾರವೂ ಇದಕ್ಕೆ ಆಧಾರ. ಈ ವಿವರಣೆ ತಪ್ಪಲ್ಲ, ಅಪೂರ್ಣ. ಜನಪದ ಕಥನದಲ್ಲಿ ಗಣಪತಿಯೂ ಜೋಕುಮಾರನೂ ಒಬ್ಬರ ಹಿಂದೊಬ್ಬರು ಭೂಮಿಗೆ ಬರುತ್ತಾರೆ. ಕಡುಬುಂಡು ಮರಳಿದ ಗಣಪತಿ ಲೋಕ ಸುಖವಾಗಿದೆಯೆಂದು ಶಿವನಿಗೆ ತಿಳಿಸುತ್ತಾನೆ. ಊರೂರು ಅಲೆದ ಜೋಕುಮಾರ ಮಳೆಬೆಳೆಯಿಲ್ಲದ ಸಂಕಟವನ್ನು ಅರುಹಿ ಮಳೆ ಬೇಡುತ್ತಾನೆ.

ಸುದ್ದಿ ಒಯ್ಯುವ ಈ ಕಾರ್ಯದ ಮಹತ್ವವು ಚೀನಾದ ಒಲೆದೇವ ಝಾವೊ ಜುನ್‌ನೊಡನೆ ಹೋಲಿಸಿದಾಗ ಸ್ಪಷ್ಟವಾಗುತ್ತದೆ. ಚಾಂದ್ರವರ್ಷದ ಹನ್ನೆರಡನೆಯ ತಿಂಗಳ 23 ಅಥವಾ 24ನೆಯ ದಿನ ಅವನು ಸ್ವರ್ಗಕ್ಕೇರಿ, ಮನೆಯವರ ನಡತೆಯನ್ನು ದೇವಲೋಕದ ಒಡೆಯನಾದ ಜೇಡ್ ಚಕ್ರವರ್ತಿಗೆ ವರದಿ ಮಾಡುತ್ತಾನೆಂಬುದು ನಂಬಿಕೆ. ಸಿಹಿಮಾತನ್ನೇ ಆಡಲಿ, ಇಲ್ಲವೇ ಬಾಯಿ ಅಂಟಿಕೊಳ್ಳಲಿ ಎಂದು ಅವನ ಚಿತ್ರದ ತುಟಿಗೆ ಜೇನು ಅಥವಾ ಅಂಟುಸಿಹಿಯನ್ನು ಸವರಿ, ಚಿತ್ರವನ್ನು ಸುಟ್ಟು ಬೀಳ್ಕೊಡುತ್ತಾರೆ.

ಈ ಸಾಮ್ಯದಿಂದ ಕೊಳುಕೊಡೆಯನ್ನು ಊಹಿಸಲಾಗದು. ಇಲ್ಲಿ ವ್ಯತ್ಯಾಸವೇ ಮುಖ್ಯ. ಒಲೆದೇವನು ಸಾಮ್ರಾಜ್ಯದ ಅಧಿಕಾರಶ್ರೇಣಿಯನ್ನು ಹೋಲುವ ದೇವಲೋಕದ ಅಧಿಕಾರಿ. ಮೇಲಿನವರ ಪರವಾಗಿ ಮನೆಯನ್ನು ಗಮನಿಸುವವನಾದ್ದರಿಂದ ಅವನ ಬಾಯಿ ಕಟ್ಟಬೇಕಾಗುತ್ತದೆ. ಜೋಕುಮಾರನಾದರೋ ಕೆಳಗಿನವರ ಸಾಕ್ಷಿ. ಅವನು ಬಾಯಿ ಬಿಟ್ಟರಷ್ಟೇ ಮಳೆ. ಒಲೆದೇವ ಹೊಸವರ್ಷಕ್ಕೆ ಹೊಸ ಚಿತ್ರವಾಗಿ ಮನೆಗೆ ಮರಳುತ್ತಾನೆ. ಜೋಕುಮಾರ ಏಳು ದಿನ ಬಾಳಿ, ಕಾಮದ ಉದ್ಧಟತನಕ್ಕಾಗಿ ಅಗಸರ ಕೈಯಲ್ಲಿ ಹತನಾಗುತ್ತಾನೆ. ಹೆಣ್ಣುಮಕ್ಕಳು ಅವನಿಗಾಗಿ ಅಳುತ್ತಾರೆ. ಲೋಕದ ಕಣ್ಣಿಗೆ ಅಪರಾಧಿಯಾದವನನ್ನೇ ಜನಪದರು ನಿಜ ನುಡಿಯುವ ದೂತನನ್ನಾಗಿ ಆರಿಸಿಕೊಂಡಿರುವುದು ಗಮನಾರ್ಹ.

ಆದ್ದರಿಂದ ಈ ಸೀಮೆಯ ಜೋಕುಮಾರನ ಹಾಡುಗಳನ್ನು ಆಚರಣೆಯಿಂದ, ಮಳೆಯ ಲೆಕ್ಕದಿಂದ, ಕಾಳಿನ ಕಾಣಿಕೆಯಿಂದ ಬಿಡಿಸಿ ಸಂಗ್ರಹಿಸಿದರೆ ಸಾಲದು. ಫಲವಂತಿಕೆಯೆಂಬ ಒಂದೇ ಪರಿಭಾಷೆಯಲ್ಲಿ ಆ ಸಂಕಟದ ದನಿ ಅಡಗಿಹೋದರೆ, ಜೋಕುಮಾರನ ಬಾಯಿಗೆ ಅಂಟುಸಿಹಿ ಮೆತ್ತಿದವರು ಸಂಶೋಧಕರೇ ಆಗುತ್ತಾರೆ.