ಯುದ್ಧ ಮುಗಿದ ಮೇಲೆ ಬರುವ ಬಾಕಿ

2002ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಅಧ್ಯಕ್ಷರ ಆರ್ಥಿಕ ಸಲಹೆಗಾರ ಲ್ಯಾರಿ ಲಿಂಡ್ಸೆ ಇರಾಕ್ ಯುದ್ಧಕ್ಕೆ 10,000 ಕೋಟಿಯಿಂದ 20,000 ಕೋಟಿ ಡಾಲರ್ ತಗಲಬಹುದು ಎಂದು ಅಂದಾಜಿಸಿದರು. ಅದು ಅತಿಯಾಯಿತು ಎಂದು ಅವರದೇ ಸರ್ಕಾರ ತಳ್ಳಿಹಾಕಿತು. 5,000–6,000 ಕೋಟಿಯಲ್ಲಿ ಮುಗಿಯುತ್ತದೆ ಎಂಬ ಮಾತು ಬಜೆಟ್ ಕಚೇರಿಯಿಂದ ಬಂತು. ವರ್ಷ ಮುಗಿಯುವಷ್ಟರಲ್ಲಿ ಲಿಂಡ್ಸೆ ಹುದ್ದೆ ಬಿಟ್ಟಿದ್ದರು. 2003ರ ಮಾರ್ಚ್‌ನಲ್ಲಿ ಸೇನೆ ಇರಾಕಿಗೆ ನುಗ್ಗಿತು. ಅದೇ ವರ್ಷ ತೆರಿಗೆಯನ್ನೂ ಇಳಿಸಲಾಯಿತು. ಅಂದರೆ ಯುದ್ಧ ಪೂರ್ತಿ ಸಾಲದ ಮೇಲೆ ನಡೆಯಿತು.

ಈ ಸಾಲದ ಲೆಕ್ಕ ಬಿಡಿಸಿದ ಪುಸ್ತಕ 2008ರ 'ದ ಥ್ರೀ ಟ್ರಿಲಿಯನ್ ಡಾಲರ್ ವಾರ್'. ಬರೆದವರು ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೋಸೆಫ್ ಸ್ಟಿಗ್ಲಿಟ್ಸ್ ಮತ್ತು ಹಾರ್ವರ್ಡ್‌ನ ಲಿಂಡಾ ಬಿಲ್ಮ್ಸ್. ಹೆಸರಿನಲ್ಲೇ ಇರುವ ಮೂರು ಲಕ್ಷ ಕೋಟಿ ಡಾಲರ್ ಎಂಬ ಅಂಕಿಯ ಸುತ್ತಲೇ ಚರ್ಚೆ ನಡೆಯಿತು. ನನ್ನ ಮಟ್ಟಿಗೆ ಪುಸ್ತಕದ ಬೆಲೆ ಆ ಅಂಕಿಯಲ್ಲಿಲ್ಲ, ಲೆಕ್ಕ ಹಾಕುವ ಕ್ರಮದಲ್ಲಿದೆ.

ಬಜೆಟ್ಟಿನಲ್ಲಿ ಸರ್ಕಾರ ಬರೆಯುವುದು ಈ ವರ್ಷ ಕೈಯಿಂದ ಹೋದ ಹಣವನ್ನು ಮಾತ್ರ. ಈ ವರ್ಷ ಹೊತ್ತುಕೊಂಡ ಹೊಣೆ ಅಲ್ಲಿ ಕಾಣುವುದಿಲ್ಲ. ಮೊದಲನೆಯ ಮಹಾಯುದ್ಧ ಮುಗಿದದ್ದು 1918ರಲ್ಲಿ, ಅದರಲ್ಲಿ ಕಾದಿದ ಅಮೆರಿಕದ ಸೈನಿಕರಿಗೆ ಕೊಡುವ ಅಂಗವೈಕಲ್ಯ ಪರಿಹಾರ ತುತ್ತತುದಿ ಮುಟ್ಟಿದ್ದು 1969ರಲ್ಲಿ. ಯೌವನದಲ್ಲಿ ಆದ ಗಾಯ ಮುಪ್ಪಿನಲ್ಲಿ ಹೆಚ್ಚು ಕಾಡುತ್ತದೆ, ಚಿಕಿತ್ಸೆಯ ಖರ್ಚೂ ಆಗಲೇ ಏರುತ್ತದೆ. ಈ ಒಂದು ಸಂಗತಿಯನ್ನು ಹಿಡಿದು ಲೇಖಕರು ಇರಾಕಿನಿಂದ ಮರಳಿದವರ ಮುಂದಿನ ಬದುಕಿನ ಖರ್ಚನ್ನು ಕಟ್ಟುತ್ತಾ ಹೋಗುವ ಅಧ್ಯಾಯಗಳು ಪುಸ್ತಕದ ಗಟ್ಟಿ ಭಾಗ.

ಗಾಯಾಳುಗಳನ್ನು ಎಣಿಸಿದ ಬಗೆಯನ್ನೇ ನೋಡಿ. ಶತ್ರುವಿನ ಗುಂಡು, ಬಾಂಬುಗಳಿಂದ ಗಾಯಗೊಂಡವರದು ಒಂದು ಪಟ್ಟಿ. ಅಪಘಾತ, ಕಾಯಿಲೆಗಳಿಂದ ರಣರಂಗ ಬಿಟ್ಟವರದು ಇನ್ನೊಂದು. ಜನರ ಕಣ್ಣಿಗೆ ಬೀಳುತ್ತಿದ್ದದ್ದು ಮೊದಲನೆಯದು. ದಾಳಿಯ ಭಯಕ್ಕೆ ಕತ್ತಲಲ್ಲಿ ಸಾಗುತ್ತಿದ್ದ ವಾಹನ ಮಗುಚಿ ಬೆನ್ನುಮೂಳೆ ಮುರಿದುಕೊಂಡವನು ಆ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಅವನ ಗಾಲಿಕುರ್ಚಿ, ಔಷಧಿಗಳ ಖರ್ಚು, ಆರೈಕೆಗೆಂದು ಕೆಲಸ ಬಿಟ್ಟು ಕೂತ ಹೆಂಡತಿಯ ಸಂಬಳದ ನಷ್ಟ ಮಾತ್ರ ಅಷ್ಟೇ ನಿಜ. ಮಾಜಿ ಸೈನಿಕರ ಸಂಘಟನೆಯೊಂದು ಮಾಹಿತಿ ಹಕ್ಕಿನ ಕಾನೂನು ಹಿಡಿದು ಎರಡನೆಯ ಪಟ್ಟಿಯನ್ನು ಹೊರಗೆ ತರಬೇಕಾಯಿತು.

ದೇಶದೊಳಗಿನ ಖರ್ಚಿನ ಪಕ್ಕಕ್ಕಿಟ್ಟರೆ ಈ ಲೆಕ್ಕ ಇನ್ನಷ್ಟು ನೋಯಿಸುತ್ತದೆ. ಖಾಸಗಿ ವಿಮೆ ಕೊಳ್ಳಲಾಗದ ಕುಟುಂಬಗಳ ಮಕ್ಕಳಿಗೆ ಆರೋಗ್ಯ ವಿಮೆ ವಿಸ್ತರಿಸಲು ಐದು ವರ್ಷಕ್ಕೆ 3,500 ಕೋಟಿ ಡಾಲರ್ ಹೆಚ್ಚುವರಿ ಕೊಡುವ ಮಸೂದೆಯನ್ನು ಅಧ್ಯಕ್ಷ ಬುಷ್ 2007ರ ಅಕ್ಟೋಬರ್‌ನಲ್ಲಿ ತಡೆದರು. ಪುಸ್ತಕದ ಪ್ರಕಾರ 2008ರಲ್ಲಿ ಇರಾಕ್ ಒಂದಕ್ಕೇ ತಿಂಗಳಿಗೆ ಸುಮಾರು 1,200 ಕೋಟಿ ಹೋಗುತ್ತಿತ್ತು. ಮಕ್ಕಳ ಆರೋಗ್ಯಕ್ಕೆ ಐದು ವರ್ಷಕ್ಕೆ ಕೇಳಿದ ಹೆಚ್ಚುವರಿ ಹಣ ಮೂರು ತಿಂಗಳ ಯುದ್ಧಕ್ಕೆ ಸಮ. ಮಕ್ಕಳ ಮಸೂದೆ ತಂದವರು ಹಣ ಎಲ್ಲಿಂದ ಎಂದು ಹೇಳಿದ್ದರು: ತಂಬಾಕಿನ ತೆರಿಗೆ ಏರಿಸುವುದು. ಯುದ್ಧದ ಹಣಕ್ಕೆ ಆ ಪ್ರಶ್ನೆಯೇ ಬರಲಿಲ್ಲ. ತುರ್ತು ಎಂಬ ಹೆಸರಿನಲ್ಲಿ, ಸಾಮಾನ್ಯ ಬಜೆಟ್ಟಿನ ಹೊರಗೆ, ವರ್ಷದ ಮೇಲೆ ವರ್ಷ ಅದು ಮಂಜೂರಾಯಿತು. ಐದನೇ ವರ್ಷಕ್ಕೆ ಕಾಲಿಟ್ಟ ಯುದ್ಧ ಹೇಗೆ ತುರ್ತಾಗುತ್ತದೆ? ಪ್ರಜಾಪ್ರಭುತ್ವಕ್ಕೆ ಆದ ಪೆಟ್ಟು ಇಲ್ಲಿದೆ. ಎರಡೂ ಖರ್ಚು ಒಂದೇ ತಕ್ಕಡಿಗೆ ಬಂದಿದ್ದರೆ ಜನ ಆರಿಸಿಕೊಳ್ಳಬಹುದಿತ್ತು.

ಆದರೆ ಪುಸ್ತಕ ಎಡವುವ ಜಾಗಗಳೂ ಇವೆ. ಖಚಿತವಾದ ಖರ್ಚಿನ ಜೊತೆ ಊಹೆಯ ನಷ್ಟವನ್ನೂ ಕೂಡಿಸಿ ಒಂದೇ ಮೊತ್ತ ಮಾಡಿದ್ದಾರೆ. ಕಚ್ಚಾತೈಲದ ಏರಿಕೆಯಲ್ಲಿ ಬ್ಯಾರೆಲ್ಲಿಗೆ 5ರಿಂದ 10 ಡಾಲರ್ ಯುದ್ಧದ ಪಾಲು ಎನ್ನುತ್ತಾರೆ. 2008ರ ಜೂನ್‌ನಲ್ಲಿ ನಮ್ಮಲ್ಲಿ ಪೆಟ್ರೋಲ್ ಲೀಟರಿಗೆ 5 ರೂಪಾಯಿ, ಅಡುಗೆ ಅನಿಲದ ಸಿಲಿಂಡರಿಗೆ 50 ರೂಪಾಯಿ ಏರಿದ್ದು ನೆನಪಿದ್ದವರಿಗೆ ಈ ಮಾತು ತಟ್ಟುತ್ತದೆ. ಆದರೂ ಅದರಲ್ಲಿ ಬಾಗ್ದಾದಿನ ಪಾಲೆಷ್ಟು, ಚೀನಾದ ಬೇಡಿಕೆಯ ಪಾಲೆಷ್ಟು ಎಂದು ಕೂದಲು ಸೀಳಿದಂತೆ ಬೇರ್ಪಡಿಸಲಾಗದು. ಯುದ್ಧ ಮಾಡದೆ ಸದ್ದಾಂ ಹುಸೇನನನ್ನು ಸುತ್ತುಗಟ್ಟಿ ಇಡಲೂ ಹಣ ಬೇಕಿತ್ತೆಂಬುದನ್ನು ಶಿಕಾಗೋದ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದರು. ಆ ವಾದಕ್ಕೆ ಇಲ್ಲಿ ಸಾಲುವಷ್ಟು ಉತ್ತರವಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದು: ಮೂರು ಲಕ್ಷ ಕೋಟಿಯೊಳಗೆ ಇರಾಕಿಗರ ನಷ್ಟ ಸೇರಿಲ್ಲ. ಅದರ ಮಾತು ಬೇರೆ ಅಧ್ಯಾಯದಲ್ಲಿ ಬರುತ್ತದೆ, ಮುಖಪುಟದ ಮೊತ್ತದಲ್ಲಿ ಬರುವುದಿಲ್ಲ. ಮನೆ ಮುರಿದುಕೊಂಡವರನ್ನು ಬಿಟ್ಟು ಮನೆ ಮುರಿದವರ ಖರ್ಚನ್ನಷ್ಟೇ ಕೂಡಿಸಿದ ಲೆಕ್ಕ ಅರ್ಧ ಲೆಕ್ಕ.

ಕಾಲ ಈ ಕೃತಿಯ ಮೂಲ ಮಾತನ್ನು ಎತ್ತಿಹಿಡಿದಿದೆ. ಮರಳಿದ ಸೈನಿಕರ ಹಕ್ಕಿನ ಹಣವನ್ನು ಮೊದಲೇ ಎತ್ತಿಡಿ, ತುರ್ತು ನಿಧಿಯ ದಾರಿ ಬಿಡಿ ಎಂದು ಲೇಖಕರು ಹೇಳಿದ್ದರು. ಬಜೆಟ್ಟಿನ ಹೊರಗಿನ ಆ ದಾರಿ ಹೆಸರು ಬದಲಿಸಿಕೊಂಡು 2021ರವರೆಗೂ ನಡೆಯಿತು. ಆ ವರ್ಷ ಬ್ರೌನ್ ವಿಶ್ವವಿದ್ಯಾಲಯದ ಅಧ್ಯಯನ 2001ರ ನಂತರದ ಯುದ್ಧಗಳ ಒಟ್ಟು ವೆಚ್ಚವನ್ನು 8 ಲಕ್ಷ ಕೋಟಿ ಡಾಲರ್ ಎಂದಿತು. ಅದರಲ್ಲಿ 2050ರವರೆಗಿನ ಸೈನಿಕರ ಆರೈಕೆಯೂ ಸೇರಿದೆ. 2003ರಲ್ಲಿ ಇಪ್ಪತ್ತರ ಹರೆಯದಲ್ಲಿ ಬಾಗ್ದಾದಿಗೆ ಹೋದವನಿಗೆ ಆಗ ಅರವತ್ತೇಳು. ಅವನ ಔಷಧಿಗೆ ತೆರಿಗೆ ಕಟ್ಟುವವರಲ್ಲಿ ಅನೇಕರು ಯುದ್ಧ ಶುರುವಾದಾಗ ಹುಟ್ಟಿಯೇ ಇರಲಿಲ್ಲ. ಅವರನ್ನು ಯಾರೂ ಕೇಳಲಿಲ್ಲ.