ಹೊಟ್ಟು ಎಳೆಯುವ ಫ್ಯಾನು

ಮರಗೆಲಸದ ಶೆಡ್ಡಿಗೆ ಹೋದವರೆಲ್ಲ ಗರಗಸದ ಹರಿತವನ್ನು ಹೊಗಳುತ್ತಾರೆ. ಮೂಲೆಯಲ್ಲಿ ಗುಂಯ್‌ಗುಡುತ್ತ ಧೂಳೆಳೆಯುವ ಫ್ಯಾನನ್ನು ಕೇಳುವವರಿಲ್ಲ. ಅದರ ವಿನ್ಯಾಸ ಮಾತ್ರ ಮೆಚ್ಚಲೇಬೇಕಾದದ್ದು.

ಬಸವನಹುಳುವಿನ ಚಿಪ್ಪಿನಂಥ ಕವಚ ಬಿಚ್ಚಿದರೆ ಒಳಗೆ ಕೆಲವೇ ದಪ್ಪ ಉಕ್ಕಿನ ಅಲಗುಗಳು, ನಡುವಿನಿಂದ ಹೊರಕ್ಕೆ ನೆಟ್ಟಗೆ ಚಾಚಿಕೊಂಡಿವೆ. ಹಿಂದಕ್ಕೆ ಬಾಗಿದ ಅಲಗುಗಳಿದ್ದರೆ ಕರೆಂಟು ಉಳಿಯುತ್ತಿತ್ತು, ನಿಜ. ಆದರೆ ಅವುಗಳಿಗೆ ಧೂಳು ಮೆತ್ತಿಕೊಳ್ಳುತ್ತದೆ. ತೂಕ ಏರುಪೇರಾಗಿ ಚಕ್ರ ಅದುರುತ್ತದೆ, ಬೇರಿಂಗ್ ಕೆಡುತ್ತದೆ. ನೆಟ್ಟನೆಯ ಅಲಗಿನ ಮೇಲೆ ಹೊಟ್ಟು ನಿಲ್ಲದು. ತಿರುಗುವ ರಭಸಕ್ಕೆ ಹೊರಗೆ ಜಾರುತ್ತದೆ. ಕರೆಂಟಿಗಿಂತ ಬಾಳಿಕೆ ಮುಖ್ಯವೆಂದ ಜಾಣತನವಿದು.

ಲೆಕ್ಕವೂ ಬಿಗಿ. ಹೊಟ್ಟು ಕೊಳವೆಯಲ್ಲಿ ಕೂರದಿರಲು ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡಬೇಕು. ಹಾಗೆಂದು ಫ್ಯಾನಿನ ವೇಗ ಇಮ್ಮಡಿಸಿದರೆ ಅದು ಬೇಡುವ ಶಕ್ತಿ 8 ಪಟ್ಟಾಗುತ್ತದೆ. ಅದಕ್ಕೇ ಒಳ್ಳೆಯ ವಿನ್ಯಾಸಕಾರರು ದೊಡ್ಡ ಮೋಟರ್ ಕೂರಿಸುವ ಮೊದಲು ಗಾಳಿಗೆ ತಡೆಯೊಡ್ಡುವ ಕೊಳವೆಯ ತಿರುವುಗಳನ್ನು ತಗ್ಗಿಸುತ್ತಾರೆ.

ಮರದ ಧೂಳು ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಸಾರಿದೆ. ಹೊಸದಾಗಿ ಶೆಡ್ಡು ಹಾಕುವವರು ಗರಗಸಕ್ಕೆ ದುಡ್ಡು ಎತ್ತಿಡುವಾಗಲೇ ಈ ಫ್ಯಾನಿಗೂ ಎತ್ತಿಡಲಿ.