ಹೆಸರಿಲ್ಲದ ಬಟ್ಟಲಿಗೆ ಯಾರ ಹೆಸರು?

ಜಪಾನಿನ ಹಗಿ ಎಂಬ ಊರಿನಿಂದ ತಂದ ಸಾಕೆ ಬಟ್ಟಲೊಂದು ನನ್ನ ಪುಸ್ತಕದ ಕಪಾಟಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತಿತ್ತು. ಅಂಗೈಯಲ್ಲಿ ಹಿಡಿಯುವಷ್ಟೇ ಚಿಕ್ಕದು. ಇಂಥದ್ದನ್ನು ಅಲ್ಲಿ ಗುಯಿನೋಮಿ ಅನ್ನುತ್ತಾರೆ. ಅಂಗಡಿಯಲ್ಲಿ ಒಬ್ಬನೇ ಕುಂಬಾರ ಮಾಡಿದ ಎರಡು ಬಟ್ಟಲುಗಳಿದ್ದವು. ಒಂದಕ್ಕೆ ಮರದ ಪೆಟ್ಟಿಗೆಯಿತ್ತು, ಅದರ ಮುಚ್ಚಳದ ಮೇಲೆ ಕುಂಬಾರನೇ ಶಾಯಿಯಲ್ಲಿ ಬರೆದ ಹೆಸರು, ಪಕ್ಕದಲ್ಲಿ ಕೆಂಪು ಮುದ್ರೆ. ಇನ್ನೊಂದಕ್ಕೆ ಏನೂ ಇರಲಿಲ್ಲ, ಬೆಲೆಯೂ ಮೂರನೇ ಒಂದು ಪಾಲು. ನನ್ನ ಕಣ್ಣು ಮೆಚ್ಚಿದ್ದು ಪೆಟ್ಟಿಗೆಯಿಲ್ಲದ್ದನ್ನು. ನಾನು ಕೊಂಡದ್ದು ಪೆಟ್ಟಿಗೆಯಿದ್ದದ್ದನ್ನು.

ಯಾಕೆ ಹಾಗೆ ಮಾಡಿದೆ ಎಂಬ ಪ್ರಶ್ನೆ ಯಾನಾಗಿ ಸೋಯೆತ್ಸುವನ್ನು ಮತ್ತೆ ಓದುವಂತೆ ಮಾಡಿತು. ಜಪಾನಿನ ಜನಪದ ಕರಕುಶಲ ಚಳವಳಿಯ ಮೂಲಪುರುಷ ಆತ (1889–1961). ಟೋಕಿಯೋದಲ್ಲಿ 1936ರಲ್ಲಿ ಜನಪದ ಕರಕುಶಲ ವಸ್ತುಸಂಗ್ರಹಾಲಯವನ್ನು ಕಟ್ಟಿದವರು. ಅವರ ಬರಹಗಳನ್ನು ಬರ್ನಾರ್ಡ್ ಲೀಚ್ 1972ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ಜಗತ್ತಿನ ಕುಂಬಾರಿಕೆ ಶಾಲೆಗಳಲ್ಲೆಲ್ಲ ಅವು ಪಠ್ಯವಾದವು. ಅವುಗಳಲ್ಲಿ ಹೆಚ್ಚು ಓದಿಸಿಕೊಂಡದ್ದು ‘ಕಿಜಾಯೆಮೊನ್’ ಎಂಬ ಚಹಾ ಬಟ್ಟಲಿನ ಮೇಲಿನ ಪ್ರಬಂಧ.

ಕಿಜಾಯೆಮೊನ್ ಬಟ್ಟಲು ಇರುವುದು ಕ್ಯೋಟೋದ ದೈತೊಕುಜಿಗೆ ಸೇರಿದ ಕೊಹೋಅನ್ ಎಂಬ ಗುಡಿಯಲ್ಲಿ. ಇಂದು ಅದು ಜಪಾನಿನ ರಾಷ್ಟ್ರೀಯ ಸಂಪತ್ತು. ಆದರೆ ಹುಟ್ಟಿದ್ದು ಕೊರಿಯಾದಲ್ಲಿ, ಹದಿನಾರನೇ ಶತಮಾನದ ಹೊತ್ತಿಗೆ. 1931ರಲ್ಲಿ ಯಾನಾಗಿ ಅದನ್ನು ನೋಡಲು ಹೋದಾಗ ಪೆಟ್ಟಿಗೆಯೊಳಗಿಂದ ಪೆಟ್ಟಿಗೆ, ಬಟ್ಟೆಯೊಳಗಿಂದ ಬಟ್ಟೆ ಬಿಚ್ಚಿ ಕೊನೆಗೆ ಹೊರತೆಗೆದದ್ದು ತೀರ ಸಾಮಾನ್ಯವಾದ ಒಂದು ಬಟ್ಟಲನ್ನು. ಬಡವರ ಮನೆಯ ಅನ್ನದ ಬಟ್ಟಲು ಎಂದು ಯಾನಾಗಿ ಬಗೆಯುತ್ತಾರೆ. ಒರಟು ಮಣ್ಣು, ಅವಸರದಲ್ಲಿ ತಿರುಗಿದ ತಿಗರಿ, ತಳದ ಬಳೆಯ ಹತ್ತಿರ ಗಂಟುಗಟ್ಟಿದ ಮೆರುಗು. ಮಾಡಿದವನಿಗೆ ಚೆಲುವಿನ ಯೋಚನೆಯೇ ಇರಲಿಲ್ಲ, ಆದ್ದರಿಂದಲೇ ಚೆಲುವು ತಾನಾಗಿ ಬಂತು ಎನ್ನುವುದು ಅವರ ವಾದ. ನೋಡುವವನೂ ಅಷ್ಟೇ ನಿರ್ಮಲನಾಗಿರಬೇಕು. ಮೊದಲು ನೋಡು, ಆಮೇಲೆ ತಿಳಿ. ಪೆಟ್ಟಿಗೆಯ ಮೇಲಿನ ಬರಹ ಓದಿ ಮೆಚ್ಚುವ ಸಂಗ್ರಾಹಕ ಅವರ ದೃಷ್ಟಿಯಲ್ಲಿ ಕುರುಡ.

ಆ ಕುರುಡ ನಾನೇ. ಹಾಗಾಗಿ ಈ ಪ್ರಬಂಧದ ಜೊತೆ ಜಗಳಕ್ಕೆ ನಿಲ್ಲುವ ಹಕ್ಕು ನನಗೆ ಸ್ವಲ್ಪ ಕಡಿಮೆಯೇ. ಆದರೂ ಒಂದು ಮಾತು ಕೇಳಲೇಬೇಕು. ಅನಾಮಿಕನ ಬಟ್ಟಲು ಎಂದು ಯಾನಾಗಿ ಕೊಂಡಾಡುವ ಈ ಬಟ್ಟಲಿಗೆ ಹೆಸರಿದೆಯಲ್ಲ, ಅದು ಯಾರದ್ದು?

ತಕೆದಾ ಕಿಜಾಯೆಮೊನ್ ಒಸಾಕಾದ ವ್ಯಾಪಾರಿ, ಬಟ್ಟಲಿನ ಒಡೆಯ. ಅವನ ನಂತರ ಅದು ಕೈಯಿಂದ ಕೈಗೆ ಹೋಗಿ 1775ರಲ್ಲಿ ಮತ್ಸುದೈರಾ ಫುಮೈ ಎಂಬ ದೊರೆಯದಾಯಿತು, ಬೆಲೆ 550 ರ್‍ಯೋ ಎಂದು ಯಾನಾಗಿಯೇ ಬರೆಯುತ್ತಾರೆ. ಇಟ್ಟುಕೊಂಡವರಿಗೆ ಮೈಮೇಲೆ ಹುಣ್ಣು ಏಳುತ್ತದೆ ಎಂಬ ಪ್ರತೀತಿ ಹುಟ್ಟಿ, ಫುಮೈ ತೀರಿಕೊಂಡ ಮೇಲೆ ಬಟ್ಟಲು ಗುಡಿ ಸೇರಿತು. ಕೊಂಡವರೆಲ್ಲರ ಹೆಸರು, ಊರು, ಕೊಟ್ಟ ಹಣ, ಅವರಿಗೆದ್ದ ಹುಣ್ಣಿನ ಕಥೆ ಕೂಡ ದಾಖಲಾಗಿದೆ. ಮಾಡಿದವನ ಜಾಗದಲ್ಲಿ ಮಾತ್ರ ಏನೂ ಇಲ್ಲ. ಯಾನಾಗಿ ಈ ಖಾಲಿ ಜಾಗವನ್ನು ಅಧ್ಯಾತ್ಮವನ್ನಾಗಿ ಓದುತ್ತಾರೆ. ನನಗೆ ಅದು ಮೊದಲು ಚರಿತ್ರೆಯಾಗಿ ಕಾಣುತ್ತದೆ. ಆ ಕುಂಬಾರ ಹೆಸರನ್ನು ತೊರೆದ ವಿರಾಗಿಯೇ, ಅಥವಾ ಅವನ ಹೆಸರನ್ನು ಯಾರೂ ಕೇಳಲಿಲ್ಲವೇ?

ಆತ ಏನೂ ಅರಿಯದ ಮುಗ್ಧ ಎಂಬ ಚಿತ್ರವೂ ಯಾನಾಗಿಯದೇ ಕಲ್ಪನೆ. ಇಂಥ ಬಟ್ಟಲುಗಳು ನಿಜವಾಗಿ ಅನ್ನ ಉಣ್ಣಲು ಮಾಡಿದವೇ, ಪೂಜೆ ಪಿತೃಕಾರ್ಯಗಳಿಗೆ ಮಾಡಿದವೇ ಎನ್ನುವುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಪ್ರಬಂಧ ಬರೆದಾಗ ಕೊರಿಯಾ ಜಪಾನಿನ ವಸಾಹತು ಎಂಬುದನ್ನೂ ಮರೆಯುವಂತಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಯಾನಾಗಿ ಆ ಆಳ್ವಿಕೆಯ ದಬ್ಬಾಳಿಕೆಯನ್ನು ಖಂಡಿಸಿದವರು. ಸೋಲಿನ ಗ್ವಾಂಗ್‌ಹ್ವಾಮುನ್ ಹೆಬ್ಬಾಗಿಲನ್ನು ಕೆಡವಬಾರದೆಂದು 1922ರಲ್ಲಿ ಬರೆದರು, 1924ರಲ್ಲಿ ಅಲ್ಲೇ ಕೊರಿಯಾದ ಜನಪದ ಕಲೆಗೊಂದು ಸಂಗ್ರಹಾಲಯ ತೆರೆದರು. ಆದರೂ ಕೊರಿಯಾದ ಕಲೆಯೆಲ್ಲ ದುಃಖದ ಚೆಲುವು ಎಂಬ ಅವರ ಮಾತನ್ನು ಮುಂದೆ ಕೊರಿಯಾದ ವಿಮರ್ಶಕರೇ ಪ್ರಶ್ನಿಸಿದರು. ಪ್ರೀತಿಯಿಂದ ನೋಡಿದರೂ ನೋಡುವವನ ಜಾಗ ಮೇಲೆಯೇ ಇತ್ತು.

ನನ್ನ ಬಟ್ಟಲಿಗೂ ಈ ಚರಿತ್ರೆಗೂ ನಂಟಿದೆ. 1592ರಿಂದ 1598ರವರೆಗೆ ಹಿದೆಯೋಶಿ ಕೊರಿಯಾದ ಮೇಲೆ ದಂಡೆತ್ತಿ ಹೋದಾಗ ಜಪಾನಿನ ದೊರೆಗಳು ಅಲ್ಲಿಯ ಕುಂಬಾರರನ್ನು ಹಿಡಿದು ತಂದರು. ಹಗಿಯ ಆವಿಗೆಗಳು ಉರಿದದ್ದು ಅವರಿಂದ. ಅವರಲ್ಲೊಂದು ಮನೆತನಕ್ಕೆ ದೊರೆ ಕೊಟ್ಟ ಹೆಸರು ಸಾಕಾ ಕೊರಾಯಿಜಾಯೆಮೊನ್. ‘ಕೊರಾಯಿ’ ಅಂದರೆ ಕೊರಿಯಾ. ಒಡೆಯ ಕಿಜಾಯೆಮೊನ್, ಕುಂಬಾರ ಕೊರಾಯಿಜಾಯೆಮೊನ್. ಎರಡೂ ಹೆಸರುಗಳ ಬಾಲ ಒಂದೇ. ಒಬ್ಬ ತನ್ನ ಹೆಸರನ್ನು ಬಟ್ಟಲಿಗೆ ಕೊಟ್ಟ, ಇನ್ನೊಬ್ಬನ ಹೆಸರಿನಲ್ಲಿ ಕಳೆದುಕೊಂಡ ನಾಡು ಉಳಿಯಿತು.

ಸಂಗ್ರಹದ ಈ ಕೇಡನ್ನು ಯಾನಾಗಿಗಿಂತ ಚೆನ್ನಾಗಿ ಬಲ್ಲವರು ಕಾದಂಬರಿಕಾರ ಕವಾಬಾತಾ. ಅವರ ‘ಸಾವಿರ ಕೊಕ್ಕರೆಗಳು’ ಕಾದಂಬರಿಯಲ್ಲಿ ಬಟ್ಟಲುಗಳೇ ಪಾತ್ರಗಳು. ಕಪ್ಪು ಒರಿಬೆ ಬಟ್ಟಲೊಂದು ಗಂಡನಿಂದ ವಿಧವೆಗೆ, ಅವಳಿಂದ ಪ್ರಿಯಕರನಿಗೆ, ಅವನಿಂದ ಅವನ ಇನ್ನೊಬ್ಬ ಹೆಣ್ಣಿಗೆ ಹೋಗಿ, ಕೊನೆಗೆ ಅವನ ಮಗ ಕಿಕುಜಿಯ ಎದುರು ಬಂದು ಕೂರುತ್ತದೆ. ಇನ್ನೊಂದು, ಆ ವಿಧವೆ ದಿನಾ ಬಳಸುತ್ತಿದ್ದ ಶಿನೋ ಬಟ್ಟಲು. ಅದರ ಅಂಚಿನಲ್ಲಿ ಅವಳ ತುಟಿಬಣ್ಣದ್ದಿರಬಹುದಾದ ಕಲೆ. ಅವಳು ಸತ್ತ ಮೇಲೆ ಮಗಳು ಫುಮಿಕೊ ಅದನ್ನು ಕಿಕುಜಿಗೆ ಕೊಡುತ್ತಾಳೆ, ಆಮೇಲೆ ತಾನೇ ಅದನ್ನು ತೋಟದ ಕಲ್ಲುಬಾನಿಗೆ ಬಡಿದು ಒಡೆಯುತ್ತಾಳೆ. ಇದಕ್ಕಿಂತ ಒಳ್ಳೆಯ ಶಿನೋ ಇವೆ, ಯಾರಾದರೂ ಹೋಲಿಸಿ ನೋಡುತ್ತಾರೆ ಎಂಬುದು ಅವಳ ಸಂಕಟ. ತಾಯಿಯ ಬಟ್ಟಲು ಸಂಗ್ರಹದ ವಸ್ತುವಾದ ಕ್ಷಣವೇ ತಾಯಿಯೂ ತೂಕಕ್ಕೆ ಬೀಳುತ್ತಾಳೆ. ಮರುದಿನ ಕಿಕುಜಿ ಚೂರುಗಳನ್ನು ಆರಿಸಿಕೊಳ್ಳುತ್ತಾನೆ. ಸಂಗ್ರಾಹಕನ ಕೈ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಈ ಕಾದಂಬರಿಯನ್ನು ಚಹಾ ಕಲೆಯ ಹೊಗಳಿಕೆ ಎಂದು ಓದುವವರಿಗೆ 1968ರ ನೊಬೆಲ್ ಭಾಷಣದಲ್ಲಿ ಕವಾಬಾತಾ ಹೇಳಿದ್ದು ಬೇರೆ. ಚಹಾ ಕಲೆ ಇಳಿದುಹೋದ ಕೀಳುತನದ ಬಗ್ಗೆ ಇದು ಶಂಕೆ, ಎಚ್ಚರಿಕೆ ಎಂದರು. ಅವರೂ ದೊಡ್ಡ ಸಂಗ್ರಾಹಕರೇ, ರಾಷ್ಟ್ರೀಯ ಸಂಪತ್ತುಗಳೆನಿಸಿದ ಚಿತ್ರಗಳು ಅವರ ಬಳಿಯಿದ್ದವು. ಹಾಗಾಗಿ ಎಚ್ಚರಿಕೆ ಹೊರಗಿನವನದ್ದಲ್ಲ.

ಯಾನಾಗಿ ನಿರ್ಮಲವಾದ ಕಣ್ಣೊಂದಿದೆ ಎಂದು ನಂಬಿದರು. ಕವಾಬಾತಾ ನಂಬಲಿಲ್ಲ. ರೋಗ ಯಾವುದು ಎನ್ನುವ ಮಾತಿನಲ್ಲಿ ನಾನು ಕವಾಬಾತಾ ಕಡೆಗೆ. ಆದರೆ ಒಡೆಯುವುದನ್ನು ಬಿಟ್ಟು ಬೇರೆ ದಾರಿಯನ್ನು ಅವರ ಕಾದಂಬರಿ ತೋರುವುದಿಲ್ಲ. ಆ ದಾರಿ ಯಾನಾಗಿಯಲ್ಲೇ ಇದೆ, ತೀರ ಸರಳವಾಗಿ: ಬಳಸು.

ಹಗಿಯ ಮಣ್ಣು ನೀರು ಹೀರುತ್ತದೆ. ಮೆರುಗಿನ ಕೂದಲೆಳೆಯ ಬಿರುಕುಗಳಲ್ಲಿ ಚಹಾ ಇಳಿದು ವರ್ಷ ಕಳೆದಂತೆ ಬಟ್ಟಲಿನ ಬಣ್ಣ ಬದಲಾಗುತ್ತದೆ. ಹಗಿಯ ಏಳು ವೇಷ ಎಂದು ಅಲ್ಲಿಯವರು ಇದನ್ನು ಕರೆಯುತ್ತಾರೆ. ಪೆಟ್ಟಿಗೆಯಲ್ಲಿಟ್ಟ ಬಟ್ಟಲಿಗೆ ಒಂದೇ ವೇಷ, ಅಂಗಡಿಯದ್ದು.

ಈಗ ಬೆಳಗಿನ ಕಾಫಿಯ ಕೊನೆಯ ಎರಡು ಗುಟುಕನ್ನು ನಾನು ಅದರಲ್ಲಿ ಕುಡಿಯುತ್ತೇನೆ. ಬಿರುಕುಗಳು ಕಂದಾಗಲು ಶುರುವಾಗಿವೆ. ಹೆಸರು ಬರೆದ ಪೆಟ್ಟಿಗೆ ಕಪಾಟಿನಲ್ಲಿ ಖಾಲಿ ಕೂತಿದೆ. ಎಸೆಯಲು ಮಾತ್ರ ಇನ್ನೂ ಮನಸ್ಸಾಗಿಲ್ಲ.